ಒಂಬತ್ತನೇ ನಿವೇಶನದ ಮತ

ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ
ಹದಿನಾಲ್ಕು ಬೇಸಿಗೆಯಿಂದ ನಾನೇ ಕಾರ್ಯದರ್ಶಿ,
ರೋಡ್ ಐಲೆಂಡಿನ ಕರೆಯ ಮೇಲಿನ
ಕ್ವಿಲ್ ನೆಕ್ ಮನೆ ಮಾಲೀಕರ ಸಂಘಕ್ಕೆ.
ಇಪ್ಪತ್ಮೂರು ನಿವೇಶನ, ಇಪ್ಪತ್ಮೂರು ಮತ,
ಎಲ್ಲರಿಗೂ ಸೇರಿ ಒಂದು ನೀರಿನ ಕೊಳವೆ:
ಮೇ ತಿಂಗಳಲ್ಲಿ ಬಿಡುತ್ತೇವೆ, ಅಕ್ಟೋಬರಿನಲ್ಲಿ ಕಟ್ಟುತ್ತೇವೆ.
ನಡುವೆ ಜಗಳ.

ಗೋಡೆಗೆ ಬಿಳಿ, ಬೂದಿ, ಇನ್ನೊಂದು ಬೂದಿ;
ನಾಲ್ಕನೆಯ ಬಣ್ಣಕ್ಕೆ ನೋಟೀಸು.
ಒದ್ದೆ ಟವೆಲು ರಸ್ತೆಗೆ ಕಾಣಬಾರದು.
ನಾಯಿಗೆ ಬೆಳಿಗ್ಗೆ ಎಂಟರವರೆಗೆ ಮರಳು, ಆಮೇಲೆ ಹಗ್ಗ.
ಬೇಲಿ ನಾಲ್ಕು ಅಡಿ. ನಾಲ್ಕೇ.
ಕಡಲು ಯಾರಪ್ಪನ ಸ್ವತ್ತೂ ಅಲ್ಲ, ನಿಜ,
ಕಡಲು ಕಾಣುವುದು ಮಾತ್ರ
ಕ್ರಯಪತ್ರದಲ್ಲಿ ಬರೆದ ಸ್ವತ್ತು.

ಬೇಲಿಯ ಕಲಮು ತಂದವನು ಎಂಟನೆಯ ಮನೆಯ
ಲೂಥರ್ ಬ್ರಾಕೆಟ್.
ಒಂಬತ್ತರ ಆರ್ಡಿತ್ ಪೆನ್ನಿಮನ್
ಗಾಳಿಗೆ ಸೋತು ಆರಡಿ ಹಲಗೆ ನೆಟ್ಟ ವರ್ಷ ಅದು.
ಗರಗಸ ಹಿಡಿದು ತಾನೇ ಕೊಯ್ದಳು, ಎರಡೆರಡು ಅಡಿ.
ತುಂಡುಗಳನ್ನು ಒಲೆಗಿಟ್ಟು ಇಡೀ ಸೆಪ್ಟೆಂಬರ್
ಬ್ರಾಕೆಟ್‌ನ ಕಿಟಕಿಗೆ ಹೊಗೆ ಕಳಿಸಿದಳು.
ಹೊಗೆಗೆ ನಮ್ಮಲ್ಲಿ ಕಲಮಿಲ್ಲ.

ಹೋದ ಮಾರ್ಚಿನಲ್ಲಿ, ನಾವ್ಯಾರೂ ಇಲ್ಲದಾಗ,
ಮೂರೇ ಭರತಕ್ಕೆ ಒಂಬತ್ತನೆಯದು ಹೋಯಿತು.
ಮೊದಲು ಮೆಟ್ಟಿಲು, ಆಮೇಲೆ ಜಗಲಿ,
ಆಮೇಲೆ, ಅಷ್ಟು ಹೊತ್ತಿಗೆ ಅಭ್ಯಾಸವಾಗಿ, ಮನೆ.
ಫ್ರಿಜ್ಜು ಎರಡು ಮೈಲಿ ಆಚೆ ಸಿಕ್ಕಿತು,
ಬಾಗಿಲು ಭದ್ರ, ಒಳಗೊಂದು ಸಾಸಿವೆ ಸೀಸೆ.

ಜುಲೈ ಸಭೆಗೆ ಬಂದಳು, ಮಡಿಸುವ ಕುರ್ಚಿ ಹೊತ್ತು.
ಠರಾವು: ಮುಂದಿನ ಸಾಲಿನ ಎದುರು ಕಲ್ಲಿನ ಗೋಡೆ.
(ಗೋಡೆ ಎದ್ದರೆ ಒಂಬತ್ತು ಅದರ ಆಚೆ.)
ಹಿಂದಿನ ಸಾಲಿನವರು ಕೈಕಟ್ಟಿ ಕೂತರು:
ಹೊಳೆಯಲ್ಲಿ ಹುಣಸೆಹಣ್ಣು ತೊಳೆಯಲು ನಮ್ಮ ದುಡ್ಡೇಕೆ?
ಪರ ಹನ್ನೊಂದು. ವಿರುದ್ಧ ಹನ್ನೊಂದು.
ಎಲ್ಲರೂ ಮಡಿಸುವ ಕುರ್ಚಿಯತ್ತ ತಿರುಗಿದರು.

‘ನೆಲವೇ ಇಲ್ಲದವರಿಗೆ ಮತ ಎಲ್ಲಿಂದ?’ ಎಂದ
ಹಾಲಿಸ್ ಥೇಯರ್, ನಿವೃತ್ತ ದಂತವೈದ್ಯ,
ನೋವಾಗದಂತೆ ಕೀಳುವ ದನಿಯಲ್ಲಿ.
ಖಜಾಂಚಿ ಮೆಡೈರೋಸ್ ಕೆಮ್ಮಿದ.
ಏಪ್ರಿಲ್‌ನಲ್ಲಿ ಅವಳ ವಂತಿಗೆಯ ಚೆಕ್ಕು ಬಂದಿತ್ತು,
ನಗದು ಮಾಡಿಕೊಂಡಿದ್ದೆವು.
ನಿಯಮಾವಳಿ ತಿರುವಿದೆವು. ನಿವೇಶನವೆಂದರೆ
ನಾಲ್ಕು ಗೂಟಗಳ ನಡುವಿನದು, ಎಂದಿತ್ತು.
ಒಣಗಿರಬೇಕು ಎಂದಿರಲಿಲ್ಲ.

ಆರ್ಡಿತ್ ಗಡಿಯಾರ ನೋಡಿದಳು.
‘ನಾಲ್ಕು ಇಪ್ಪತ್ತಕ್ಕೆ ಇಳಿತ.
ಬೇಕಾದರೆ ಅಲ್ಲೇ ಹೋಗಿ ನಿಲ್ಲುತ್ತೇನೆ.’

ಸಭೆಯನ್ನು ಮುಂದೂಡಲಾಯಿತು, ಇನ್ನೂರು ಹೆಜ್ಜೆ.
ಚಪ್ಪಲಿ ಕೈಯಲ್ಲಿ ಹಿಡಿದ ಕೋರಂ
ಒದ್ದೆ ಮರಳಿನ ಮೇಲೆ ಚೆದುರಿ ನಡೆಯಿತು.
ಪಾಚಿ ಹಿಡಿದ ಇಟ್ಟಿಗೆ ಸಿಕ್ಕವು, ಅವಳ ಒಲೆಯವು.
ಹತ್ತಿ ನಿಂತಳು.
ಬ್ರಾಕೆಟ್ ಅವಳನ್ನು ನೋಡಲಿಲ್ಲ, ತನ್ನ ಮನೆ ನೋಡಿದ,
ಈ ಕಡೆಯಿಂದ ಎಂದೂ ನೋಡಿರದ ಮನೆ:
ಜಗಲಿಯ ಅಡಿಯಲ್ಲಿ ಬರೀ ಗಾಳಿ.

‘ಗೋಡೆ ಎಷ್ಟು ಎತ್ತರ?’
‘ಆರು ಅಡಿ,’ ಎಂದ ಬ್ರಾಕೆಟ್, ಮರಳಿಗೆ.
‘ನಿನ್ನ ಕಿಟಕಿಗೆ ಅಡ್ಡ ಬರುತ್ತದಲ್ಲ.’
‘ಬರುತ್ತದೆ.’
‘ಜೋರಾಗಿ ಹೇಳು, ಕಾರ್ಯದರ್ಶಿಗೆ ಕೇಳಿಸಲಿ.’
‘ಆರು ಅಡಿ.’
ಬರೆದುಕೊಂಡೆ.
ಅವಳು ಕೈ ಎತ್ತಿದಳು.

ಹನ್ನೆರಡು, ಹನ್ನೊಂದು. ಮಂಜೂರು ಎಂದು ಬರೆಯುವಷ್ಟರಲ್ಲಿ
ನೀರು ಹಿಮ್ಮಡಿಗೆ ಬಂತು.
ಪ್ಯಾಂಟು ಮಡಿಸುತ್ತ ಥೇಯರ್ ಮರುಎಣಿಕೆ ಕೇಳಿದ,
ನಿಂತು ಕೇಳಿದವರಿಲ್ಲ.
ಬ್ರಾಕೆಟ್ ಮಾತ್ರ ಕೈ ಚಾಚಿದ್ದ
ಇಟ್ಟಿಗೆಯಿಂದ ಅವಳನ್ನು ಇಳಿಸಲು.
ಅವಳು ಆ ಕೈಗೆ ಕುರ್ಚಿ ಕೊಟ್ಟು
ತಾನೇ ಇಳಿದಳು.

ಇದನ್ನು ನಡಾವಳಿಗೆ ಸೇರಿಸಿಲ್ಲ.