ದ್ರಾಕ್ಷಿ ಸುಲಿಯುವುದು

ಒಣದ್ರಾಕ್ಷಿಯ ಹಳೇ ರಟ್ಟಿನ ಡಬ್ಬಿ,
ಮೇಲೆ ತಿಕೋಟಾದ ಯಾವುದೋ ಕೋಲ್ಡ್ ಸ್ಟೋರೇಜಿನ ಮುದ್ರೆ.
ಮುಚ್ಚಳಕ್ಕೆ ಮೂರು ತೂತು:
ಎರಡರಲ್ಲಿ ಉದ್ದ ಚಿಮುಟ, ಒಂದರಲ್ಲಿ ಕ್ಯಾಮೆರಾ.
ಒಳಗೆ ಒಂದೇ ಒಂದು ಹಸಿ ದ್ರಾಕ್ಷಿ.
"ಸಿಪ್ಪಿ ಸುಲಿ. ರಸ ಬರಬಾರ್ದು."
ಇನಾಮದಾರ ಮೇಡಂ ಇಷ್ಟೇ ಹೇಳಿ ಓಪಿಡಿಗೆ ಹೋದರು.

ಮೊದಲ ವಾರ ಬರೀ ರಸ.
ಕೈ ಎಡಕ್ಕೆ ಹೋದರೆ ಪರದೆಯ ಚಿಮುಟ ಬಲಕ್ಕೆ.
ಸಿಂದಗಿಯಿಂದ ಅವ್ವ ಫೋನಿನಲ್ಲಿ ಕೇಳಿದಳು:
ದೊಡ್ಡ ಡಾಕ್ಟರಕಿ ಓದಾಕ ಹೋಗಿ ಹಣ್ಣ ಸುಲೀತಿಯೇನ?
ಹೂಂ, ಅಂದೆ.

ನಲವತ್ತನೆಯದು ಗಾಯವಿಲ್ಲದೆ ಬತ್ತಲಾದ ರಾತ್ರಿ
ಕ್ಯಾಮೆರಾ ಜಾರಿ ಡಬ್ಬಿಯ ಒಳಗೋಡೆ ಕಂಡಿತು.
ನೀಲಿ ಪೆನ್ನಿನಲ್ಲಿ:
ಸಂಗನಬಸು ಹೊಕ್ರಾಣಿ, ಮುದ್ದೇಬಿಹಾಳ.
ಡಬ್ಬಿ ಕಟ್ಟಿದ ಕೂಲಿಯವನಿರಬೇಕು ಅಂದುಕೊಂಡೆ.

ಬುಧವಾರ. ಮೇಜಿನ ಮೇಲೆ ಖಾನಾವಳಿಯ ಕಾಶೀಬಾಯಿ ತೆಲಸಂಗ,
ದಿನಕ್ಕೆ ಮುನ್ನೂರು ರೊಟ್ಟಿ ಬಡಿವ ತೋಳು
ಹಸಿರು ಬಟ್ಟೆಯಡಿ ಸುಮ್ಮನೆ.
ಪಿತ್ತಕೋಶ ಊದಿ, ಕೆಂಪಗೆ, ಯಕೃತ್ತಿಗೆ ಅಂಟಿ ಕೂತಿತ್ತು
ಎಬ್ಬಿಸಿದರೂ ಏಳದ ಮಗುವಿನ ಹಾಗೆ.

ಕೊಬ್ಬು ಬಿಡಿಸಿದೆ. ಕ್ಲಿಪ್ಪು ಕೈಗೆ ಬಂತು.
"ಎಷ್ಟ ಅದಾವ?"
"ಎರಡ ರೀ ಮೇಡಂ. ಒಂದು ನಾಳ, ಒಂದು ಧಮನಿ."
"ನಿನಗ ಕಂಡಾವೋ, ಪುಸ್ತಕದಾಗ ಕಂಡಾವೋ?
ಹಿಂದಿಂದ ತೋರಿಸು."

ಕ್ಯಾಮೆರಾ ಹೊರಳಿತು.
ಎರಡರ ನಡುವೆ ಕಿಟಕಿ ಇರಬೇಕಿತ್ತು, ಆಚೆ ಯಕೃತ್ತು ಕಾಣಬೇಕಿತ್ತು.
ಕಿಟಕಿ ಇರಲಿಲ್ಲ.
ನಾನು ನಾಳ ಅಂದದ್ದು ಚೀಲದ ಬೆನ್ನಿಗೆ ಆತು
ಮೇಲೆ ಮೇಲೆ ಹೋಗಿ
ಯಕೃತ್ತಿನೊಳಗೇ ಇಳಿದಿತ್ತು.
ಮುಖ್ಯ ಕಾಲುವೆ.

ಅರವಳಿಕೆಯ ಪಡಸಲಗಿ ಸರ್ ಮೊಬೈಲು ಕೆಳಗಿಟ್ಟರು.
ನನ್ನ ಕ್ಲಿಪ್ಪು ಬಾಯಿ ತೆರೆದೇ ಇತ್ತು.

"ಕೆಳಗ ಇಳೀಬ್ಯಾಡ. ಇಲ್ಲೇ ಚೀಲ ಕೊಯ್ದು ಹಳ್ಳು ತಗಿ.
ಬುಡ ಇರಲಿ, ಹೊಲದು ಮುಚ್ಚು."
"ಅರ್ಧಾ ಬಿಡೂದೇನ್ರಿ?"
"ಅರ್ಧಾ ಬಿಟ್ರ ಆಕಿ ಪೂರಾ ಮನಿಗೆ ಹೋಗ್ತಾಳ."

ಕೈ ತೊಳೆವಾಗ ಕೇಳಿದೆ, ಡಬ್ಬಿಯೊಳಗಿನ ಹೆಸರು ಯಾರದ್ರಿ?
ನಲ್ಲಿ ನಿಲ್ಲಿಸದೆ ಹೇಳಿದರು:
"ಹತ್ತೊಂಬತ್ತ ವರ್ಷ ಆತು. ಶನಿವಾರ, ಐದನೇ ಕೇಸು.
ನನಗೂ ಎರಡ ಕಂಡಿದ್ದವು.
ಬೆಳಗಾವಿಗೆ ಆಂಬುಲೆನ್ಸಿನಾಗ ನಾನೂ ಹೋದೆ.
ಅವನ ಕಣ್ಣು ಅರಿಶಿಣ.
ಲೋಕಾಪುರದ ಹತ್ರ ಅವನ ನನ್ನ ಕೇಳಿದ,
ನೀರ ಬೇಕೇನ್ರಿ ಡಾಕ್ಟರಬಾಯಿ, ಅಂತ."

ಉಳಿದನೇ ಅಂತ ನಾನು ಕೇಳಲಿಲ್ಲ.
ಅವರು ಮತ್ತೆ ಸೋಪಿಗೆ ಕೈ ಚಾಚಿದರು.

ಶುಕ್ರವಾರ ಕಾಶೀಬಾಯಿ ಎದ್ದು ಕೂತಿದ್ದಳು.
"ಎಲ್ಲಾ ತಗದಿಯೇನವಾ?"
ಹೌದು ಅನ್ನಲು ಬಾಯಿ ಹೋಯಿತು.
"ಇಲ್ಲಬೇ. ಅರ್ಧಾ ಬಿಟ್ಟೀನಿ."
ಯಾಕೆಂದು ಹೇಳಿದೆ. ಪೂರ್ತಿ ಕೇಳಿದಳು,
ಆಮೇಲೆ ಸಣ್ಣ ಬಾಟಲಿ ಬೆಳಕಿಗೆ ಹಿಡಿದು
ಕಲಕಿ ನೋಡಿದಳು.
"ಎಷ್ಟ ಅದಾವ ಇವು, ಎಣಿಸೀಯೇನು?"

ಎಣಿಸಿರಲಿಲ್ಲ.
ಊಟದ ತಾಟಿನಲ್ಲಿ ಸುರುವಿಕೊಂಡು ಕೂತೆವು,
ಆಕೆ ಜೋಳ ಹಸನು ಮಾಡುವ ಹಾಗೆ ಒಂದೊಂದೇ ಬದಿಗೆ ಸರಿಸುತ್ತ,
ನಾನು ಬಾಯಿಬಿಟ್ಟು ಹೇಳುತ್ತ.