ಹಳಿಗೆ ಕಿವಿ

ಎಕೋ ಮಾಡಿದ ಡಾಕ್ಟರು ಪರದೆ ನನ್ನ ಕಡೆ ತಿರುಗಿಸಿ
‘ನಿಮ್ಮ ದಿಲ್ಲು ದೊಡ್ಡದಾಗ್ಯಾದ, ಚಂದ್ರಶಾ’ ಅಂದ್ರು.
ಜಗದೇವಿ ಸೆರಗು ಬಾಯಿಗೆ ಹಿಡಿದು ನಕ್ಕಳು.
ಮೂವತ್ತು ವರ್ಷ ವಾಡಿ ಸ್ಟೇಷನ್ದಾಗ
ಯಾರಿಗೂ ಒಂದು ಕಪ್ ಚಹಾ ಕುಡಿಸದ ಮನುಷ್ಯಾ,
ನಿಂದು ಯಾವಾಗ ದೊಡ್ಡದಾಯ್ತು?
ನಾನೂ ನಕ್ಕೆ. ನಗುವಾಗ ದಮ್ಮು ಹತ್ತಿತು.
ಡಾಕ್ಟರು ನಗಲಿಲ್ಲ.

ನಾನು ಕೀಮ್ಯಾನ್.
ಹೆಗಲ ಮ್ಯಾಲ ಸುತ್ತಿಗಿ, ಸಡಿಲಾದ ಚಾವಿಗೊಂದು ಏಟು,
ಮುಂದಿಂದಕ್ಕ ನಡಿ.
ಶಹಾಬಾದಿ ಪರಸಿ ಮ್ಯಾಲ ರೊಟ್ಟಿ ಬೇಯೋ ಬಿಸಿಲು.
ತಲಿಗೊಂದು ಗುಳಗಿ, ಸೊಂಟಕ್ಕೊಂದು ಗುಳಗಿ,
ನೀರು ಸಿಕ್ಕಾಗ ನೀರು.
ಕಿಡ್ನಿ ಎರಡೂ ಯಾವ ಗೇಟಿನ ಹತ್ತಿರ ಇಳಿದು ಹೋದ್ವೋ
ಟಿಕೀಟೂ ತೋರಿಸಲಿಲ್ಲ.

ಎರಡು ವರ್ಷ ಹೊಟ್ಟಿ ನಳಗಿ ಮ್ಯಾಲೇ ನಡೀತು.
ಹಿಂದ ನನ್ನ ಕಂದೀಲು ತೂಗತಿದ್ದ ಮೊಳಿಗೆ
ಈಗ ಎರಡು ಲೀಟರಿನ ಚೀಲ.
ಒಳಗ ಬಿಡು, ನಾಲ್ಕು ತಾಸು ಹೊತ್ತು ತಿರುಗು, ಹೊರಗ ಬಿಡು.
ಮೊಣಕೈ ತನಕ ಸಾಬೂನು ಹಚ್ಚಿ,
ಫ್ಯಾನ್ ಬಂದ್ ಮಾಡಿ, ಕದಾ ಹಾಕಿ, ಮೂಗಿಗೆ ಅರಿವಿ ಕಟ್ಟಿ
ದೇವರಿಗೂ ಮಾಡದ ಮಡಿ ನನಗ ಮಾಡ್ತಾಳ.
ಬಂದ ನೀರಿನ ಹಿಂದ ಪೇಪರ್ ಹಿಡಿದು ನೋಡ್ತಾಳ:
ತೊಗರಿ ದರ ಓದಲಿಕ್ಕ ಬಂದರ ಸೈ.
ಅಕ್ಷರ ಮಸುಕಾದರ
ಗಂಟು ಕಟ್ಟಿ ಕಲಬುರಗಿಗೆ ಓಡಬೇಕು.

ಈ ವರ್ಷ ಪಾದದಾಗ ಬೆರಳು ಒತ್ತಿದರ
ಕುಣಿ ಹಂಗೇ ಉಳೀತು.
ಮಲಗಿದರ ಉಸಿರು ಬರಲಿಲ್ಲ; ಜೋಳದ ಚೀಲಕ್ಕ ಒರಗಿ
ಕೂತೇ ರಾತ್ರಿ ಕಳದೆ, ಹೋಗೋ ಗಾಡಿ ಎಣಿಸಿದೆ.
‘ಹೊಟ್ಟಿ ಒಂದೇ ಸಾಲದು’ ಅಂದ್ರು ಡಾಕ್ಟರು,
‘ಮನಿಯಾಗ ಚೀಲ ಇರ್ಲಿ, ಶುಕ್ರವಾರ ಮಷೀನಿಗೂ ಬರ್ರಿ.
ಎರಡೂ ಕೂಡಸೋಣ.
ಒಳಗ ನಿಂತ ನೀರು ಎದಿ ಮ್ಯಾಲ ಕೂತದ.’
ಲೈನು ಕೂಡೋ ಊರವನಿಗೆ
ಇಷ್ಟು ಸಾಕು, ಬಿಡಿಸಿ ಹೇಳೋದು ಬ್ಯಾಡ.

ಶುಕ್ರವಾರ ಪ್ಯಾಸೆಂಜರ್: ಶಹಾಬಾದ, ಮರತೂರು, ಕಲಬುರಗಿ.
ನುಸ್ರತ್ ಎಂಬ ಹುಡುಗಿ ಎಡಗೈಗೆ ಎರಡು ಸೂಜಿ ಚುಚ್ಚಿ
‘ಚಾಚಾ, ಈ ವಾರ ಎಷ್ಟು ಕುಡದೀರಿ?’ ಅಂತಾಳ.
ತಕ್ಕಡಿ ಮೊದಲೇ ಚಾಡಿ ಹೇಳಿರ್ತದ.
ಬಾಜೂ ಮಂಚ ಆಳಂದದ ಭೀಮಶಾ ಮಾಸ್ತರರದ್ದು,
ವಾರಕ್ಕ ಮೂರು ಸಲ, ಚೀಲ ಇಲ್ಲ, ಬರೀ ಮಷೀನು.
ಇಳಿಯುವಾಗ ಹಿಂಡಿದ ಅರಿವಿ ಹಂಗ ಇಳೀತಿದ್ರು,
ಗೋಡಿ ಹಿಡಿದು ‘ನಾಳೆ ರಜಾ’ ಅಂತ ನಗ್ತಿದ್ರು.
ಒಂದು ಶುಕ್ರವಾರ ಆ ಮಂಚಕ್ಕ ಹೊಸ ಚಾದರ.
‘ಕಿಡ್ನಿಯಿಂದ ಅಲ್ಲ ಚಾಚಾ, ನಿದ್ದಿಯೊಳಗ…’
ನುಸ್ರತ್ ತನ್ನ ಎದಿ ಮುಟ್ಟಿ ತೋರಿಸಿದಳು.
ಅವತ್ತು ಮರತೂರು ಬಂದದ್ದು, ಹೋದದ್ದು ಗೊತ್ತಾಗಲಿಲ್ಲ.

ನೀರಿನ ಲೆಕ್ಕ ಜಗದೇವಿ ಕಡೆ.
ಸ್ಟೀಲ್ ಗ್ಲಾಸಿಗೆ ಮೊಳಿಯಿಂದ ಗೀರಿದ ಗೆರಿ, ಅದರ ಕೆಳಗ ನನ್ನ ಪಾಲು.
ಪುಂಡಿಪಲ್ಯ ಎರಡು ಸಲ ಕುದಿಸಿ, ಎರಡು ಸಲ ಚೆಲ್ಲಿ
ತಾಟಿಗೆ ಹಾಕಿದಳು.
ಬಣ್ಣ ಇತ್ತು. ಪುಂಡಿ ಇದ್ದಿಲ್ಲ.
ಸಿಟ್ಟಿಗೆ ತಾಟು ಸರಿಸಿದೆ.
ಹುಣಸಿಬೀಜ ಒಂದು ದವಡಿಯಾಗ ಇಟ್ಟು ಮಧ್ಯಾಹ್ನ ದಾಟಿಸಿದೆ.
ಆಕಿಯೂ ಉಣ್ಣಲಿಲ್ಲ.

ಆರು ತಿಂಗಳಿಗೆ ಮತ್ತ ಎಕೋ.
‘ಜರಾ ಸಣ್ಣದಾಗ್ಯಾದ’ ಅಂದ್ರು, ಈ ಸಲ ಅವರೇ ನಕ್ಕರು.
ಬರುವಾಗ ಪ್ಲಾಟ್‌ಫಾರ್ಮಿನ ಮ್ಯಾಲ
ಡ್ಯೂಟಿ ಮುಗಿಸಿ ನಿಂತ ನುಸ್ರತ್‌ಗೆ, ಮತ್ತ
ಬಾಜೂ ಕೂತ ಗುರುತಿಲ್ಲದ ಇಬ್ಬರಿಗೆ ಚಹಾ ಕುಡಿಸಿದೆ.
ನಾನು ಬರೀ ವಾಸನಿ ಕುಡದೆ.
ಜಗದೇವಿ ರೊಕ್ಕ ಎಣಿಸಿ ನನ್ನ ಮಾರಿ ನೋಡಿದಳು.

ರಾತ್ರಿ, ಸೂಜಿ ಗಾಯದ ಪಟ್ಟಿ ಬಿಚ್ಚಿದ ಮ್ಯಾಲ
ಎಡಗೈ ರಟ್ಟಿಗೆ ಕಿವಿ ಹಚ್ಚಿ ಮಲಗ್ತಾಳ.
ಲಗ್ನದ ಹೊಸದಾಗ ನಾನೇ ಕಲಿಸಿದ್ದು:
ಕಣ್ಣಿಗೆ ಕಾಣೋಕಿಂತ ಮೊದಲು ಗಾಡಿ ಹಳಿಯೊಳಗ ಬರ್ತದ.
ಚರ್ಮದ ಕೆಳಗ ರಕ್ತ ಗುಂಯ್ ಅಂತ ಹರೀತದ.
‘ಬರಲಕತ್ತದೇನು?’
‘ಬರಲಕತ್ತದ.’
‘ಯಾವುದು?’
‘ಗೂಡ್ಸು. ಉದ್ದ ಅದ,
ಗಾರ್ಡಿನ ಡಬ್ಬಿ ಇನ್ನೂ ಬಂದಿಲ್ಲ. ಸುಮ್ಮಕ ಮಲಕೋ.’