ಎಂಟನೆಯ ಸಾಲು

ನೆರ್ಗುಯ್ ಅಂದರೆ ಹೆಸರಿಲ್ಲದವನು.
ಮೊದಲಿನ ಎರಡು ಕೂಸುಗಳನ್ನು ಒಯ್ದದ್ದು
ಇವನನ್ನೂ ಹೆಸರು ಹಿಡಿದು ಕೂಗದಿರಲೆಂದು
ಅಜ್ಜಿ ದುಲಮ್‌ಸುರೆನ್ ಇಟ್ಟದ್ದು.
ನಾಲ್ಕು ತುಂಬಿತು. ಮಾತು ಬಂದಿಲ್ಲ.
'ಅದಕ್ಕೂ ಇವನ ವಿಳಾಸ ಸಿಕ್ಕಿಲ್ಲವೇನೋ' ಅಂತ
ತಾನೇ ನಗುತ್ತಾಳೆ, ಒಲೆಗೆ ಬೆರಣಿ ತುರುಕುತ್ತ.

ನಾನು ಉಲಾನ್‌ಬಾತರಿನಿಂದ ಹನ್ನೊಂದು ತಾಸು ಜೀಪಿನಲ್ಲಿ ಬಂದವಳು,
ಒಂದು ಪಟ್ಟಿ, ಅರವತ್ತು ಚಿತ್ರದ ಕಾರ್ಡು ಹಿಡಿದು.
ಕೊಡೆ ತೋರಿಸಿದೆ.
ಗೋಬಿಯ ಹುಡುಗ ಕೊಡೆಯನ್ನೆಲ್ಲಿ ನೋಡಿರುತ್ತಾನೆ,
ಕಾರ್ಡು ಬರೆದವರಿಗೆ ಮಳೆ ಗೊತ್ತಿತ್ತು, ಅಷ್ಟೆ.
ಬಸ್ಸು. ಬಾಳೆಹಣ್ಣು. ಆನೆ.
ಅವನು ಆನೆಯನ್ನು ಮಗುಚಿ ಹಿಂಬದಿಯ ಬಿಳಿ ನೋಡಿದ,
ಅದನ್ನೇ ಬಹಳ ಹೊತ್ತು ನೋಡಿದ.

ಕಿವಿ ಸರಿಯಿದೆ. ನಾಲಿಗೆ ಸರಿಯಿದೆ.
ಹೇಳಿದ್ದು ತಿಳಿಯುತ್ತದೆ, ಅರ್ಧ.
ಆಡುವ ಪದ: ಏಳು.
ಎರಡು ಪದ ಜೋಡಿಸುವುದು: ಇಲ್ಲ.

ಸಂಜೆ ಚೊಚ್ಚಲ ಕುರಿಯೊಂದು
ತನ್ನ ಮರಿಯನ್ನೇ ಒದ್ದು ದೂರ ಸರಿಯಿತು.
ಅಜ್ಜಿ ಪಕ್ಕದಲ್ಲಿ ಮಂಡಿಯೂರಿ ಶುರುಮಾಡಿದಳು:
ತೊಯ್ಗ್, ತೊಯ್ಗ್, ತೊಯ್ಗ್.
ಕುರಿಗಷ್ಟೇ ಹೇಳುವ ಮಾತು. ಒಂಟೆಗೆ ಬೇರೆ, ಮೇಕೆಗೆ ಬೇರೆ.
ನಡುವೆ ಕೆಮ್ಮು ಬಂದು ನಿಂತಿತು.
ನಿಂತದ್ದನ್ನು ಅವನು ಎತ್ತಿಕೊಂಡ.
ತೊ... ಯ್ಗ್.
ಎಳೆದು, ಇಳಿಸಿ, ಉಸಿರು ಬಿಟ್ಟು, ಮತ್ತೆ.
ಕುರಿಯ ಕಿವಿ ಮೊದಲು ಸಡಿಲಾಯಿತು, ಆಮೇಲೆ ಹಿಂಗಾಲು,
ಆಮೇಲೆ ತೊರೆ ಬಿಟ್ಟಿತು.

ಮರಿಯ ಬಾಲ ಅಲ್ಲಾಡುತ್ತಿತ್ತು. ನಾನು
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು ಕೂತೆ.
ಇದು ಪದವೇ?
ಸೂಚನೆಯ ಪುಟ ಹೇಳುತ್ತದೆ:
ಪ್ರಾಣಿಗಳ ಕೂಗಿನ ಅನುಕರಣೆ ಲೆಕ್ಕಕ್ಕಿಲ್ಲ.
ಆದರೆ ಯಾವ ಕುರಿಯೂ ಹೀಗೆ ಕೂಗುವುದಿಲ್ಲ.
ಇದು ಕುರಿಗೆ ಹೇಳಿದ್ದು. ಕುರಿ ಕೇಳಿದ್ದು.

ಎಂಟನೆಯ ಸಾಲಿನಲ್ಲಿ ಬರೆದೆ.
ಹಿಗ್ಗಬೇಡ ಅಂತ ನನಗೇ ಹೇಳಿಕೊಂಡೆ.
ಇನ್ನೆರಡು ವರ್ಷಕ್ಕೆ ಶಾಲೆ, ದೂರದ ವಸತಿನಿಲಯ;
ಹೊಟ್ಟೆನೋವು ಅನ್ನಲು, ಅವನು ಹೊಡೆದ ಅನ್ನಲು
ತೊಯ್ಗ್ ಸಾಲದು.

ಅಜ್ಜಿಗೆ ಹೇಳಿಕೊಟ್ಟೆ: ಒಂದು ಮಾತು ಆಡಿ ನಿಲ್ಲಿಸಿ,
ಹತ್ತು ಎಣಿಸುವ ತನಕ ಕಾಯಿರಿ.
'ಅರವತ್ತು ವರ್ಷ ಕುರಿ ಕಾದವಳಿಗೆ
ಕಾಯೋದನ್ನ ಕಲಿಸ್ತೀಯೇನೇ' ಅಂದಳು,
ಉಪ್ಪಿನ ಚಹಾ ಬಗ್ಗಿಸುತ್ತ.

ಹೊರಡುವಾಗ ಅವನು ಜೀಪಿನ ಕಿಟಕಿಗೆ ಬಂದು ನಿಂತ.
ಬಾಯಿ ತೆರೆದ.
ನಾನು ಎಣಿಸತೊಡಗಿದೆ.
ಆರಕ್ಕೆ ಡ್ರೈವರು ಹಾರನ್ ಒತ್ತಿದ.